ಬೆಕ್ಕಿಗೊಂದು ಮಣೆ



ಸಾಕಿದ ಬೆಕ್ಕಿಗೆ ಬೇಕಾದ ಮರದ ಸಾಮಾನನ್ನು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ ಎಂಬುದು ಇಂದಿನ ಭಾಷಣದ ವಿಷಯ. ಇದನ್ನು ಕೇಳಿ ಕೆಲವರಿಗೆ ನಗು ಬರಬಹುದು. ಮನೆಗೆ ಬಂದ ನೆಂಟರಿಗೇ ಕುರ್ಚಿ ಸಾಲದಿರುವಾಗ ಬೆಕ್ಕಿಗೆ ಎಲ್ಲಿಯ ಪೀಠ ಎಂದು ಕೇಳುವವರೂ ಉಂಟು. ಆದರೆ ಬೆಕ್ಕು ಸಾಕಿದವರು ಬಲ್ಲರು, ಮನೆಯಲ್ಲಿ ಎಷ್ಟೇ ಕುರ್ಚಿಗಳಿರಲಿ, ಅವುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಬೆಕ್ಕಿನದು. ಮಿಕ್ಕವು ಮಾತ್ರ ನಮ್ಮವು. ಹೀಗಿರುವಲ್ಲಿ ಬೆಕ್ಕಿಗೆ ಪೀಠ ಬೇಕೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ನಾವು ಮಾಡಿಕೊಡುವುದೋ, ಅದೇ ಆರಿಸಿಕೊಳ್ಳುವುದೋ ಎಂಬುದಷ್ಟೇ ಪ್ರಶ್ನೆ.

ಪಂಡಿತ ಪರೀಕ್ಷೆಗೆ ಓದುವಾಗ ನಿಘಂಟುಗಳನ್ನು ಬಾಯಿಪಾಠ ಮಾಡಿದವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾವ ವಸ್ತುವಿನ ಮಾತೆತ್ತಿದರೂ ಮೊದಲು ಅದರ ಹೆಸರುಗಳನ್ನು ಎಣಿಸುವ ಚಟ ಅದು. ಸಂಸ್ಕೃತದಲ್ಲಿ ಬೆಕ್ಕು ಬಿಡಾಲ, ಓತು, ವೃಷದಂಶಕ. ಇಲಿಯನ್ನು ತಿನ್ನುವುದಾದ್ದರಿಂದ ಆಖುಭುಕ್ಕು. ಮಾರ್ಜಾರ ಎಂಬ ಹೆಸರು ಮಾತ್ರ ಬಹು ಸೊಗಸಾದದ್ದು. ಒರಸು, ಶುಚಿಮಾಡು ಎಂಬರ್ಥದ ಧಾತುವಿನಿಂದ ಹುಟ್ಟಿದ ಮಾತು ಅದು. ಮಾರ್ಜನ, ಸಮ್ಮಾರ್ಜನ ಎಂಬವು ಅದರ ಒಡಹುಟ್ಟುಗಳು. ದಿನಕ್ಕೆ ಹತ್ತು ಸಲ ಮೈಯನ್ನು ನೆಕ್ಕಿ ಒರಸಿಕೊಳ್ಳುವ ಪ್ರಾಣಿಗೆ ಇದಕ್ಕಿಂತ ತಕ್ಕ ಹೆಸರು ಬೇರೆ ಬೇಕೆ? ನಮ್ಮ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅದು ಕೊತ್ತಿ, ಗಂಡಾದರೆ ಮಾಳ. ಈ ಹೆಸರುಗಳಲ್ಲಿ ಒಂದು ಅದರ ಆಹಾರವನ್ನು ಹೇಳಿತು, ಒಂದು ಅದರ ಶುಚಿಯನ್ನು ಹೇಳಿತು. ನಾನು ಇಂದು ಹೇಳಬೇಕಾಗಿರುವುದು ಮುಖ್ಯವಾಗಿ ಅದರ ಉಗುರನ್ನು ಕುರಿತು.

ಬೆಕ್ಕು ಮನುಷ್ಯನ ಜೊತೆಗೆ ಬಂದು ಸೇರಿ ಬಹು ಕಾಲವಾಯಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷಗಳಷ್ಟು ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲಿಯೇ ಹೂಳಿದ್ದ ಬೆಕ್ಕಿನ ಅಸ್ಥಿ ದೊರೆತ ಸಂಗತಿಯನ್ನು ವಿದ್ವಾಂಸರು 2004ರಲ್ಲಿ ಪ್ರಕಟಿಸಿದರು. ಇಷ್ಟು ಕಾಲ ಜೊತೆಗಿದ್ದರೂ ನಾಯಿಯಂತೆ ಅದು ನಮಗೆ ತಕ್ಕಂತೆ ಮಾರ್ಪಾಡಾಗಲಿಲ್ಲ. ಕಣಜದಲ್ಲಿ ಇಲಿ ಇತ್ತು, ಆದಕಾರಣ ಬಂತು. ಮನೆಯಲ್ಲಿ ಬೆಚ್ಚಗಿತ್ತು, ಆದಕಾರಣ ಉಳಿಯಿತು. ಕಾಡಿನಿಂದ ಬರುವಾಗ ತಂದ ಅಭ್ಯಾಸಗಳಲ್ಲಿ ಹೆಚ್ಚಿನವನ್ನು ಹಾಗೆಯೇ ಇಟ್ಟುಕೊಂಡಿತು.

ಹಿಂದೆ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಏಕೆಂದರೆ ಹಿಂದಿನ ಮನೆಯೇ ಬೆಕ್ಕಿಗೆ ಹೇಳಿಮಾಡಿಸಿದ ಮರದ ಸಾಮಾನಾಗಿತ್ತು. ನಮ್ಮ ದೇವರಾಜ ಮೊಹಲ್ಲಾದ ಹಳೆಯ ಹೆಂಚಿನ ಮನೆಗಳನ್ನು ನೆನಪು ಮಾಡಿಕೊಳ್ಳಿ. ಪಡಸಾಲೆಯಲ್ಲಿ ಮರದ ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಅಟ್ಟ. ಕಂಬವನ್ನು ಪರಚಿದರೆ ಯಾರೂ ಕೇಳುತ್ತಿರಲಿಲ್ಲ. ಕಂಬದ ಬುಡದಲ್ಲಿ ನಾಲ್ಕು ಗೀರು ಇರುವುದು ಮನೆಯ ವಯಸ್ಸಿನ ಲಕ್ಷಣ. ಅಟ್ಟದ ಮೇಲೆ ಹುಣಿಸೆಹಣ್ಣಿನ ಮಡಕೆ, ಹಳೆಯ ಚಾಪೆ, ತೊಟ್ಟಿಲು. ಅವುಗಳ ಸಂದಿಯಲ್ಲಿ ಮರಿ ಹಾಕಲು ಕತ್ತಲೆಯ ಜಾಗ. ಚಳಿಗಾಲದಲ್ಲಿ ಬಚ್ಚಲ ಒಲೆಯ ಬೆಚ್ಚನೆಯ ಬೂದಿ. ಹಿತ್ತಲಲ್ಲಿ ಸೌದೆಯ ಒಟ್ಟಲು, ನುಗ್ಗೆಯ ಮರ, ಹತ್ತಿ ಕೂರಲು ಕಾಂಪೌಂಡಿನ ಗೋಡೆ. ಅಲ್ಲಿಂದ ಪಕ್ಕದ ಮನೆಯ ಸೂರು. ಇಡೀ ಬೀದಿಯನ್ನು ನೆಲಕ್ಕೆ ಕಾಲಿಡದೆ ಸುತ್ತಿಬರಬಹುದಾಗಿತ್ತು.

ಆ ಮನೆಗಳಲ್ಲಿ ಈಗ ಉಳಿದಿರುವವು ಕೆಲವೇ. ಕೆಳಗೆ ಅಂಗಡಿ, ಮೇಲೆ ಎರಡು ಸಂಸಾರ. ಹೊಳೆಯುವ ನೆಲ, ಕಲ್ಲಿನ ಅಡಿಗೆ ಕಟ್ಟೆ, ಅಲ್ಯೂಮಿನಿಯಂ ಕಿಟಕಿ, ಕಬ್ಬಿಣದ ಜಾಲರಿ. ಇದನ್ನು ದೂರಬೇಕಾಗಿಲ್ಲ, ಹೆಂಚಿನ ಸೂರು ಸೋರುವಾಗ ಪಾತ್ರೆ ಇಟ್ಟುಕೊಂಡು ಕುಳಿತವರಿಗೆ ತಾರಸಿಯ ಬೆಲೆ ಗೊತ್ತು. ಆದರೆ ಬೆಕ್ಕಿನ ಪಾಲಿಗೆ ಆದದ್ದೇನು ಎಂಬುದನ್ನು ನೋಡಬೇಕು. ಪರಚಲು ಕಂಬವಿಲ್ಲ, ಏರಲು ಅಟ್ಟವಿಲ್ಲ, ಅಡಗಲು ಸಂದಿಯಿಲ್ಲ. ಹತ್ತುವುದಕ್ಕೂ ಪರಚುವುದಕ್ಕೂ ತಕ್ಕಂಥದು ಆ ಮನೆಯಲ್ಲಿ ಇನ್ನು ಉಳಿದಿರುವುದು ಎರಡೇ: ಒಂದು ಪರದೆ, ಇನ್ನೊಂದು ಸೋಫಾ.

ಬೆಕ್ಕು ಏಕೆ ಪರಚುತ್ತದೆ? ಹಠಕ್ಕಲ್ಲ, ಸೇಡಿಗಲ್ಲ. ಅದರ ಉಗುರು ನಮ್ಮ ಉಗುರಿನಂತಲ್ಲ. ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬೆಳೆಯುತ್ತದೆ. ಹೊರಗಿನ ಪದರ ಹಳತಾಗಿ ಮೊಂಡಾದಾಗ ಅದನ್ನು ಕಳಚಬೇಕು. ಒಳಗಿನಿಂದ ಚೂಪಾದ ಹೊಸ ಉಗುರು ಹೊರಬರುತ್ತದೆ. ಪರಚಿದ ಜಾಗದಲ್ಲಿ ಅರ್ಧಚಂದ್ರಾಕಾರದ ತೆಳುವಾದ ಚಿಪ್ಪು ಬಿದ್ದಿರುವುದನ್ನು ನೀವು ಕಂಡಿರಬಹುದು. ಅದು ಮುರಿದ ಉಗುರಲ್ಲ, ಕಳಚಿದ ಪೊರೆ. ಎರಡನೆಯದಾಗಿ, ಮುಂಗಾಲಿನ ಅಂಗಾಲಿನಲ್ಲಿ ವಾಸನೆಯ ಗ್ರಂಥಿಗಳುಂಟು. ಪರಚಿದಾಗ ಅಲ್ಲಿ ಗೀರೂ ವಾಸನೆಯೂ ಉಳಿಯುತ್ತವೆ. ಇದು ನನ್ನ ಜಾಗ ಎಂದು ಬೆಕ್ಕು ಬರೆದಿಡುವ ಪತ್ರ ಅದು. ಬಂಡೀಪುರ, ನಾಗರಹೊಳೆಯ ಕಾಡುಗಳಲ್ಲಿ ಹುಲಿ ಮರದ ಬೊಡ್ಡೆಯನ್ನು ಪರಚುವುದೂ ಇದೇ ಕಾರಣಕ್ಕೆ. ಮೂರನೆಯದಾಗಿ, ನಿದ್ದೆಯಿಂದ ಎದ್ದೊಡನೆ ಮೈಮುರಿಯಬೇಕು. ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಮಲಗುವ ಪ್ರಾಣಿಗೆ ಇದು ಅಗತ್ಯವಾದ ವ್ಯಾಯಾಮ. ಎತ್ತರಕ್ಕೆ ಕೈ ಚಾಚಿ, ಉಗುರು ಊರಿ, ಬೆನ್ನನ್ನು ಬಿಲ್ಲಿನಂತೆ ಎಳೆಯುತ್ತದೆ. ಅದಕ್ಕೆ ಅಲುಗಾಡದ ಆಸರೆ ಬೇಕು.

ಎತ್ತರದ ಆಸೆಗೂ ಕಾರಣವುಂಟು. ಬೆಕ್ಕು ಬೇಟೆಗಾರನೂ ಹೌದು, ತನಗಿಂತ ದೊಡ್ಡ ಪ್ರಾಣಿಗೆ ಬೇಟೆಯೂ ಹೌದು. ಮೇಲೆ ಕುಳಿತರೆ ಎರಡು ಕೆಲಸಕ್ಕೂ ಅನುಕೂಲ. ಹುಲಿಗೆ ಬೆಕ್ಕು ಗುರುವಾಗಿದ್ದು, ವಿದ್ಯೆಗಳನ್ನೆಲ್ಲ ಕಲಿಸಿ ಮರ ಹತ್ತುವುದನ್ನು ಮಾತ್ರ ಹೇಳಿಕೊಡಲಿಲ್ಲವೆಂಬ ಕಥೆಯನ್ನು ಅಜ್ಜಿಯರು ಹೇಳುತ್ತಿದ್ದರು. ಮೇಷ್ಟರ ಕಸುಬಿನವನಾಗಿ ನಾನು ಅದರ ಜಾಣತನವನ್ನು ಮೆಚ್ಚುತ್ತೇನೆ. ಇನ್ನು ಅಡಗುವ ಆಸೆ. ಬೆಕ್ಕು ಮರಿ ಹಾಕಿ ಏಳು ಮನೆ ಸುತ್ತಿಸುತ್ತದೆ ಎಂಬ ಮಾತಿದೆಯಷ್ಟೆ. ಮರಿಯನ್ನು ಕತ್ತಿನ ಹಿಂದೆ ಕಚ್ಚಿ ಹಿಡಿದು ಒಂದು ಕತ್ತಲೆಯ ಮೂಲೆಯಿಂದ ಇನ್ನೊಂದಕ್ಕೆ ಸಾಗಿಸುವ ಆ ದೃಶ್ಯವೇ ನಮ್ಮ ಶ್ರೀವೈಷ್ಣವ ಆಚಾರ್ಯರಿಗೆ ಮಾರ್ಜಾಲಕಿಶೋರ ನ್ಯಾಯವಾಗಿ ಒದಗಿತು: ಕೋತಿಯ ಮರಿ ತಾನೇ ತಾಯಿಯನ್ನು ಹಿಡಿದಿರುತ್ತದೆ, ಬೆಕ್ಕಿನ ಮರಿಯನ್ನು ತಾಯಿಯೇ ಹಿಡಿದಿರುತ್ತದೆ. ವೇದಾಂತದ ಮಾತು ಹಾಗಿರಲಿ. ಮರೆಯಾದ ಜಾಗವೊಂದು ಇಲ್ಲದ ಮನೆಯಲ್ಲಿ ಬೆಕ್ಕಿಗೆ ನೆಮ್ಮದಿಯಿಲ್ಲ ಎಂಬುದು ಅದರ ಲೌಕಿಕ ಅರ್ಥ.

ಇಷ್ಟನ್ನು ತಿಳಿಯದೆ ನಾವು ಮಾಡುವುದೇನು? ಮೊದಲು ಗದರುತ್ತೇವೆ; ಆಮೇಲೆ ಹೊಡೆಯುತ್ತೇವೆ; ಕೊನೆಗೆ ಚೀಲದಲ್ಲಿ ತುಂಬಿಕೊಂಡು ಹೋಗಿ ಊರಾಚೆ ಬಿಟ್ಟು ಬರುತ್ತೇವೆ. ಏಳು ಹೊಳೆ ದಾಟಿಸಿದರೂ ಬೆಕ್ಕು ಮನೆಗೆ ಬಂದೇ ಬರುತ್ತದೆ ಎಂದು ನಮ್ಮ ಮನಸ್ಸಿಗೆ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಈಗಿನ ರಸ್ತೆಗಳಲ್ಲಿ, ಮನೆಯೊಳಗೇ ಬೆಳೆದ ಬೆಕ್ಕು ಬಹಳ ದೂರ ಬರಲಾರದು. ಇದು ಕರುಣೆಯ ಮಾತಷ್ಟೇ ಅಲ್ಲ. ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸಾ ನಿವಾರಣಾ ಕಾನೂನಿನ 11ನೆಯ ಕಲಮಿನ ಪ್ರಕಾರ ಅಪರಾಧ. ಮೈಯಾಡಿಸಲು ಸಾಕಷ್ಟು ಎತ್ತರ, ಉದ್ದ, ಅಗಲಗಳಿಲ್ಲದ ಗೂಡಿನಲ್ಲಿ ಕೂಡಿಡುವುದೂ ಅದೇ ಕಲಮಿಗೆ ಬರುತ್ತದೆ. ಬೇರೆ ದೇಶಗಳಲ್ಲಿ ಇನ್ನೊಂದು ಉಪಾಯವನ್ನು ಹೂಡಿದವರುಂಟು: ಶಸ್ತ್ರಚಿಕಿತ್ಸೆಯಿಂದ ಉಗುರನ್ನೇ ತೆಗೆಸುವುದು. ಉಗುರು ಬೆರಳಿನ ಕೊನೆಯ ಮೂಳೆಗೆ ಅಂಟಿ ಬೆಳೆಯುವುದರಿಂದ, ಉಗುರು ತೆಗೆಸುವುದೆಂದರೆ ಆ ಮೂಳೆಯನ್ನೇ ಕತ್ತರಿಸುವುದು. ಯೂರೋಪಿನ ಹಲವು ದೇಶಗಳು ಇದನ್ನು ನಿಷೇಧಿಸಿವೆ. ಅಮೆರಿಕದ ನ್ಯೂಯಾರ್ಕ್ ರಾಜ್ಯ 2019ರಲ್ಲಿ ನಿಷೇಧಿಸಿತು.

ನಮ್ಮ ಮೊಹಲ್ಲಾದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಎಂಟನೆಯ ತರಗತಿಯ ಹುಡುಗನೊಬ್ಬ ಒಂದು ಶುಕ್ರವಾರ ಪಾಠ ಮುಗಿದ ಮೇಲೆ ಮೇಜಿನ ಬಳಿ ನಿಂತೇ ಇದ್ದ. ಏನಪ್ಪ ಎಂದರೆ, "ಸಾರ್, ಭಾನುವಾರ ನಮ್ಮಪ್ಪ ಬೆಕ್ಕನ್ನ ಬಿಟ್ಟು ಬರ್ತಾರಂತೆ" ಎಂದ. ತಾತನ ಕಾಲದ ಬೀಟೆ ಮರದ ಕುರ್ಚಿಯ ತೋಳನ್ನು ಬೆಕ್ಕು ಪರಚಿ ಹಾಳುಮಾಡಿತ್ತು. ಬೀಟೆಯ ಕುರ್ಚಿ ಎಂದರೆ ಮೈಸೂರಿನವರಿಗೆ ಬರಿಯ ಕುರ್ಚಿಯಲ್ಲ. ಬೀಟೆಯಲ್ಲಿ ಬಗೆಬಗೆಯ ಬಣ್ಣದ ಮರವನ್ನು ಕೂರಿಸಿ ಚಿತ್ರ ಬಿಡಿಸುವ ಕುಸುರಿ ಕೆಲಸಕ್ಕೆ ಹೆಸರಾದ ಊರು ಇದು. ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ತಲೆಮಾರುಗಳ ಕಾಲ ಹುಡುಗರು ಮರಗೆಲಸ ಕಲಿತರು. ಆದ್ದರಿಂದ ತಂದೆಯ ಕೋಪವೂ ಅನ್ಯಾಯದ್ದಲ್ಲ. ನಾನು ಸಂಜೆ ಅವರ ಮನೆಗೆ ಹೋದೆ.

"ಏನು ಸಾರ್, ಪಾಠದ ಜೊತೆಗೆ ಬೆಕ್ಕಿನ ವಕಾಲತ್ತೂ ಉಂಟೆ?" ಎಂದು ಅವರು ನಕ್ಕರು. ಹದಿನೈದು ದಿನದ ವಾಯಿದೆ ಕೊಡಿ ಎಂದು ಕೇಳಿದೆ. ಕುರ್ಚಿಯ ಮೇಲೆ ದಪ್ಪನೆಯ ಬೆಡ್‌ಶೀಟು ಹೊದಿಸಿದರು, ವಾಯಿದೆಯನ್ನೂ ಕೊಟ್ಟರು. ಆ ಹದಿನೈದು ದಿನದಲ್ಲಿ ಹುಡುಗನೂ ನಾನೂ, ಪಕ್ಕದ ಗಲ್ಲಿಯ ವೃದ್ಧ ಆಚಾರ್ರೊಬ್ಬರೂ ಸೇರಿ ಮಾಡಿದ ಕೆಲಸವನ್ನೇ ಈಗ ನಿಮಗೆ ಹೇಳುತ್ತೇನೆ.

ಮೊದಲನೆಯದು ಮರ. ಇದಕ್ಕೆ ಬೀಟೆಯೂ ಬೇಡ, ಹೊಸ ತೇಗವೂ ಬೇಡ. ಹಲಸು, ಮಾವು, ಕಾಫಿ ತೋಟಗಳ ಸಿಲ್ವರ್ ಓಕ್ ಯಾವುದಾದರೂ ಆದೀತು. ಹಳೆಯ ಮನೆ ಕೆಡವಿದಾಗ ಉಳಿದ ಮರವಿದ್ದರೆ ಇನ್ನೂ ಮೇಲು. ಅದು ಒಣಗಿ, ಸೊಟ್ಟಗಾಗುವುದಿದ್ದರೆ ಆಗಲೇ ಆಗಿ, ನಿಂತಿರುತ್ತದೆ. ಆ ಹುಡುಗನ ಮನೆಯ ತಾರಸಿಯ ಮೇಲೆ, ನೀರಿನ ತೊಟ್ಟಿಯ ಅಡಿಯಲ್ಲಿ, ಅವರ ಹಳೆಯ ಮನೆಯದೇ ಒಂದು ತೊಲೆಯ ತುಂಡು ಬಿದ್ದಿತ್ತು. ಹಳೆಯ ಮರದಲ್ಲಿ ಎರಡು ಎಚ್ಚರಿಕೆ ಬೇಕು. ಒಳಗೆ ತುಂಡಾಗಿ ಉಳಿದ ಮೊಳೆಗಳನ್ನು ಹುಡುಕಿ ಕೀಳಬೇಕು. ಇಲ್ಲದಿದ್ದರೆ ಗರಗಸದ ಹಲ್ಲು ಹೋಗುತ್ತದೆ. ಹಳೆಯ ಬಣ್ಣ ಬಳಿದ ಮರವನ್ನು ಉಜ್ಜಲೇಬಾರದು. ಹಿಂದಿನ ಬಣ್ಣಗಳಲ್ಲಿ ಸೀಸ ಬೆರೆಸುತ್ತಿದ್ದರು. ನಮ್ಮ ದೇಶದಲ್ಲಿ ಬಣ್ಣದೊಳಗಿನ ಸೀಸವನ್ನು ಹತ್ತು ಲಕ್ಷಕ್ಕೆ 90 ಪಾಲಿಗೆ ಮಿತಿಗೊಳಿಸಿದ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಉಜ್ಜಿದ ಪುಡಿ ಬೆಕ್ಕಿನ ಮೈಗೆ ಹತ್ತಿ, ನೆಕ್ಕಿದಾಗ ಹೊಟ್ಟೆಗೆ ಹೋಗುತ್ತದೆ. ಮಕ್ಕಳ ಹೊಟ್ಟೆಗೂ ಹೋಗುತ್ತದೆ.

ಉಪಕರಣಗಳು ಹೆಚ್ಚೇನೂ ಬೇಡ. ಒಂದು ಗರಗಸ, ಒಂದು ಸುತ್ತಿಗೆ, ಅರ್ಧ ಅಂಗುಲದ ಉಳಿ, ಬೈರಿಗೆ, ತಿರುಪುಳಿ, ಮೂಲೆಮಟ್ಟ, ಸ್ವಲ್ಪ ಉಪ್ಪುಕಾಗದ, ಅಂಟು. ಬೈರಿಗೆಯ ಬದಲು ವಿದ್ಯುತ್ತಿನ ಡ್ರಿಲ್ಲು ಇದ್ದರೆ ಕೆಲಸ ಬೇಗ ಮುಗಿಯುತ್ತದೆ.

ಪರಚುವ ಕಂಬವನ್ನು ಮೊದಲು ಮಾಡಿಕೊಳ್ಳಿ. ಎತ್ತರ 3 ಅಡಿ. ಎರಡೂವರೆ ಅಡಿಗೆ ಕಡಿಮೆಯಾಗಬಾರದು. ಅಂಗಡಿಯಲ್ಲಿ ಸಿಗುವ ಗೇಣುದ್ದದ ಕಂಬಗಳು ಮರಿಗಳಿಗೆ ಸರಿ. ಬೆಳೆದ ಬೆಕ್ಕು ಹಿಂಗಾಲ ಮೇಲೆ ನಿಂತು ಪೂರ್ತಿ ಮೈ ಚಾಚಿದರೆ ಅದರ ಪಂಜ ಕಂಬದ ತುದಿಯನ್ನು ದಾಟಿಹೋಗುತ್ತದೆ. ಕಂಬ 3 ಅಂಗುಲ ಚೌಕವಿರಲಿ. ಅಡಿಮಣೆ ಒಂದೂವರೆ ಅಡಿ ಚೌಕ, ಒಂದು ಅಂಗುಲ ದಪ್ಪ. ಕಂಬದ ಬುಡವನ್ನು ಮೂಲೆಮಟ್ಟ ಹಿಡಿದು ನೇರವಾಗಿ ಕತ್ತರಿಸಬೇಕು. ಇಲ್ಲಿ ಕೂದಲೆಳೆಯಷ್ಟು ವಾರೆಯಾದರೆ ಮೇಲೆ ಒಂದು ಅಂಗುಲ ವಾಲುತ್ತದೆ. ಅಡಿಯಿಂದ ನಾಲ್ಕು ತಿರುಪುಮೊಳೆ ಹಾಕಿ ಕಂಬವನ್ನು ಮಣೆಗೆ ಬಿಗಿಯಬಹುದು. ಆದರೆ ಆಚಾರ್ರು ಅಷ್ಟಕ್ಕೆ ಒಪ್ಪಲಿಲ್ಲ. ಮರದ ಎಳೆಯ ಉದ್ದಕ್ಕೆ, ಅಂದರೆ ಕಂಬದ ತುದಿಯಿಂದ ಒಳಕ್ಕೆ, ಹೋದ ತಿರುಪು ಬಲವಾಗಿ ಹಿಡಿಯುವುದಿಲ್ಲ. ದಿನಾ ಎಳೆದಾಡಿದರೆ ಸಡಿಲವಾಗುತ್ತದೆ. ಆದ್ದರಿಂದ ಬುಡದ ನಾಲ್ಕು ಕಡೆಗೂ ಎರಡಂಗುಲದ ಮರದ ತುಂಡುಗಳನ್ನು ಅಂಟಿಸಿ, ಅಡ್ಡಲಾಗಿ ಕಂಬಕ್ಕೊಂದು, ಕೆಳಕ್ಕೆ ಮಣೆಗೊಂದು ತಿರುಪು ಹಾಕಿಸಿದರು. ತಿರುಪು ಹಾಕುವ ಮುನ್ನ ಬೈರಿಗೆಯಿಂದ ಸಣ್ಣ ತೂತು ಕೊರೆದರೆ ಮರ ಸೀಳುವುದಿಲ್ಲ.

ಕಂಬ ಅಲುಗಾಡಬಾರದು. ಬೆಕ್ಕು ಒಮ್ಮೆ ಎಳೆದಾಗ ಅದು ವಾಲಿತೆಂದರೆ, ಎರಡನೆಯ ಸಲ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಮಣೆ ಹಗುರವೆನಿಸಿದರೆ ಅಡಿಗೆ ಕಟ್ಟೆ ಕಟ್ಟಿದಾಗ ಉಳಿದ ಕಲ್ಲಿನ ಚೂರನ್ನು ಅದರ ಮೇಲೆ ಕೂರಿಸಿ.

ಇನ್ನು ಹಗ್ಗ. ನೈಲಾನು ಬೇಡ, ಅದು ಜಾರುತ್ತದೆ. ಸೆಣಬಿನದಾದೀತು. ಎಲ್ಲಕ್ಕಿಂತ ಮೇಲಾದದ್ದು ಕತ್ತಾಳೆ ನಾರಿನ ಹಗ್ಗ. ವಿದೇಶದಿಂದ ಬರುವ ಬೆಕ್ಕಿನ ಕಂಬಗಳಿಗೆ ಸುತ್ತುವ ದುಬಾರಿ ಹಗ್ಗವೂ ಒಂದು ಜಾತಿಯ ಕತ್ತಾಳೆಯ ನಾರೇ. ಎಷ್ಟು ಹಗ್ಗ ಬೇಕು? ಇದನ್ನು ಹುಡುಗನಿಗೇ ಲೆಕ್ಕವಾಗಿ ಕೊಟ್ಟೆ. 3 ಅಂಗುಲ ಚೌಕದ ಕಂಬದ ಸುತ್ತಳತೆ 12 ಅಂಗುಲ, ಎಂದರೆ ಒಂದು ಸುತ್ತಿಗೆ ಒಂದು ಅಡಿ. ಅರ್ಧ ಅಂಗುಲ ದಪ್ಪದ ಹಗ್ಗವಾದರೆ ಒಂದು ಅಂಗುಲ ಎತ್ತರಕ್ಕೆ ಎರಡು ಸುತ್ತು. 30 ಅಂಗುಲಕ್ಕೆ 60 ಸುತ್ತು, 60 ಅಡಿ. ಅವನು ಬರೆದ ಉತ್ತರ ಪುಸ್ತಕದ ಮಟ್ಟಿಗೆ ಸರಿ. ಆಚಾರ್ರು ಕಣ್ಣಳತೆಯಲ್ಲೇ, "ಎಪ್ಪತ್ತೈದು ತಗೊಂಡು ಬಾಪ್ಪ, ಹಗ್ಗಕ್ಕೂ ಮೈ ಇರ್ತದೆ" ಎಂದರು. ಹಗ್ಗ ಮರದ ಹೊರಗೆ ಸುತ್ತುವುದರಿಂದ, ಅದರ ದಪ್ಪಕ್ಕೆ ತಕ್ಕಂತೆ ಪ್ರತಿ ಸುತ್ತೂ ಒಂದೂವರೆ ಅಂಗುಲದಷ್ಟು ಹೆಚ್ಚಾಗುತ್ತದೆ. ಕೊನೆಗೆ ಹಿಡಿಸಿದ್ದು 68 ಅಡಿ. ಹುಡುಗ ಆ ಲೆಕ್ಕವನ್ನು ಇನ್ನು ಮರೆಯುವುದಿಲ್ಲ.

ಹಗ್ಗವನ್ನು ಬುಡದಿಂದ ಬಿಗಿಯಾಗಿ ಸುತ್ತುತ್ತಾ, ಆಗಾಗ್ಗೆ ಸುತ್ತಿಗೆಯಿಂದ ತಟ್ಟಿ ಒತ್ತೊತ್ತಾಗಿ ಕೂರಿಸಬೇಕು. ತುದಿಗಳನ್ನು ಮರದಲ್ಲಿ ಕೊರೆದ ತೂತಿನೊಳಕ್ಕೆ ತುರುಕಿ ಅಂಟು ಹಾಕಬೇಕು. ಬಿಟ್ಟ ಎಳೆಯನ್ನು ಬೆಕ್ಕು ನುಂಗಿದರೆ ಅದು ಕರುಳಿಗೆ ಸುತ್ತಿಕೊಂಡು ಪ್ರಾಣಕ್ಕೇ ಅಪಾಯವಾದೀತು. ಮೊಳೆಯ ತಲೆ ಹೊರಗೆ ಕಾಣಬಾರದು. ಮೇಲಿನ ಆರು ಅಂಗುಲವನ್ನು ನಾವು ಬರಿ ಮರವಾಗಿ ಬಿಟ್ಟೆವು. ಕೆಲವು ಬೆಕ್ಕುಗಳಿಗೆ ಹಗ್ಗಕ್ಕಿಂತ ಮರವೇ ಇಷ್ಟ. ಅಲ್ಲಿ ಆಚಾರ್ರು ಅಭ್ಯಾಸಬಲದಿಂದ ಉಜ್ಜುಗೊರಡನ್ನು ಕೈಗೆತ್ತಿಕೊಂಡರು. ಒರಟಾಗಿಯೇ ಇರಲಿ ಆಚಾರ್ರೇ, ಅದಕ್ಕೆ ಉಗುರು ಸಿಕ್ಕಬೇಕು ಎಂದೆ. "ನಲವತ್ತು ವರ್ಷ ಮರ ನಯ ಮಾಡೋದನ್ನೇ ಕಲಿತೆ ಮೇಷ್ಟ್ರೇ, ಈಗ ಒರಟಾಗಿ ಬಿಡು ಅಂತೀರಲ್ಲ!" ಎಂದು ಅವರು ಗೊರಡನ್ನು ಕೆಳಗಿಟ್ಟರು. ಕೆಳಗಿನ ಮಣೆಯನ್ನಾದರೂ ನಯ ಮಾಡುತ್ತೇನೆಂದು ಪಟ್ಟುಹಿಡಿದು ಮಾಡಿದರು.

ಎರಡನೆಯದು ಅಟ್ಟದ ಬದಲಿಗೆ ಮೆಟ್ಟಲು ಮಣೆಗಳು. ಒಂದೂವರೆ ಅಡಿ ಉದ್ದ, 10 ಅಂಗುಲ ಅಗಲದ ಮೂರು ಹಲಗೆಗಳು ಸಾಕು. ಗೋಡೆಗೆ ಕೊಂಡಿಗಳ ಮೇಲೆ, ಒಂದಕ್ಕಿಂತ ಒಂದು 12ರಿಂದ 15 ಅಂಗುಲ ಎತ್ತರದಲ್ಲಿ, ಒಂದು ಎಡಕ್ಕೆ ಒಂದು ಬಲಕ್ಕೆ ಜರುಗಿಸಿ ನಿಲ್ಲಿಸಿ. ಎಲ್ಲಕ್ಕಿಂತ ಮೇಲಿನದು ಆಳೆತ್ತರವಿದ್ದರೆ ಚೆನ್ನ. ಜಾರದಂತೆ ಹಳೆಯ ಜಮಖಾನದ ತುಂಡನ್ನು ಮೇಲೆ ಬಿಗಿಯಿರಿ. ಪ್ರತಿ ಹಲಗೆಯೂ ಒಂದು ತುಂಬಿದ ಬಿಂದಿಗೆಯ ಭಾರವನ್ನು ತಡೆಯುವಂತಿರಬೇಕು. ಬೆಕ್ಕಿನ ತೂಕ ನಾಲ್ಕು ಕಿಲೋ ಇದ್ದರೂ ನೆಗೆದು ಬೀಳುವಾಗ ಹಲಗೆಗೆ ತಗಲುವ ಪೆಟ್ಟು ಅದಕ್ಕಿಂತ ಬಹಳ ಹೆಚ್ಚು. ಒಲೆಯ ಮೇಲ್ಭಾಗದಲ್ಲಿ, ದೇವರ ಪಟದ ಪಕ್ಕದಲ್ಲಿ ಇವನ್ನು ಹಾಕಬೇಡಿ. ಮೊದಲನೆಯದು ಬೆಕ್ಕಿನ ಕ್ಷೇಮಕ್ಕೆ, ಎರಡನೆಯದು ಮನೆಯವರ ನೆಮ್ಮದಿಗೆ. ಮಹಡಿಯ ಕಿಟಕಿಯ ಬಳಿಯಾದರೆ ಜಾಲರಿ ಇರಲೇಬೇಕು. ಬೆಕ್ಕು ಬೀಳುವಾಗ ಗಾಳಿಯಲ್ಲೇ ಮೈ ತಿರುಗಿಸಿ ಕಾಲ ಮೇಲೆ ಇಳಿಯುವುದು ನಿಜ. ಫ್ರಾನ್ಸಿನ ಮಾರೆ ಎಂಬ ವಿಜ್ಞಾನಿ 1894ರಲ್ಲಿಯೇ ಅದನ್ನು ಸಾಲು ಛಾಯಾಚಿತ್ರಗಳಲ್ಲಿ ಸೆರೆಹಿಡಿದು ತೋರಿಸಿದ. ಆದರೆ ಕಾಲ ಮೇಲೆ ಇಳಿದ ಮಾತ್ರಕ್ಕೆ ಕಾಲು ಮುರಿಯುವುದಿಲ್ಲವೆಂದು ಅರ್ಥವಲ್ಲ.

ಮೂರನೆಯದು ಗೂಡು. ಇದು ಅತಿ ಸುಲಭ. ಮಾರುಕಟ್ಟೆಯಲ್ಲಿ ಹಣ್ಣು ತುಂಬಿ ಬರುವ ಮರದ ಪೆಟ್ಟಿಗೆಗಳು ಈಗ ಕಡಿಮೆಯಾಗಿ ರಟ್ಟಿನವು ಹೆಚ್ಚಾಗಿವೆ. ಒಂದು ಸಿಕ್ಕಿದರೆ ತನ್ನಿ. ಒಂದೂವರೆ ಅಡಿ ಉದ್ದ, ಒಂದು ಅಡಿಯ ಮೇಲೆ ಎರಡಂಗುಲ ಅಗಲ, ಅಷ್ಟೇ ಎತ್ತರ ಇದ್ದರೆ ಸಾಕು. ಬಹಳ ದೊಡ್ಡದಾದರೆ ಬೆಚ್ಚಗಿರುವುದಿಲ್ಲ. ಮೊಳೆ, ತಂತಿಗಳನ್ನೆಲ್ಲ ಕಿತ್ತು, ಸಿಬಿರನ್ನು ಉಪ್ಪುಕಾಗದದಿಂದ ಉಜ್ಜಿ. ಒಳಹೋಗಲು 7 ಅಂಗುಲದ ಬಾಗಿಲು. ಹಿಂದೆ ಇನ್ನೊಂದು ಬಾಗಿಲು. ಒಂದೇ ಬಾಗಿಲಿದ್ದರೆ ಮಕ್ಕಳು ಅದನ್ನು ಅಡ್ಡಗಟ್ಟಿದಾಗ ಬೆಕ್ಕಿಗೆ ಅದು ಮನೆಯಾಗದೆ ಬೋನಾಗುತ್ತದೆ. ಅಜ್ಜಿಯ ಹಳೆಯ ನೂಲಿನ ಸೀರೆಯನ್ನು ಮಡಿಸಿ ಹಾಸಿದರೆ ಕೆಲಸ ಮುಗಿಯಿತು.

ಮರಕ್ಕೆ ಬಳಿಯುವ ವಸ್ತುವಿನ ವಿಚಾರದಲ್ಲಿ ಬಹಳ ಜಾಗರೂಕತೆ ಬೇಕು. ಗೆದ್ದಲಿಗೆಂದು ಬಳಿಯುವ ಡಾಂಬರಿನ ಎಣ್ಣೆ, ಫಿನಾಯಿಲು, ನುಸಿಗುಳಿಗೆ, ಇವು ಯಾವುವೂ ಬೆಕ್ಕಿನ ಹತ್ತಿರ ಸುಳಿಯಕೂಡದು. ಇಂಥ ವಸ್ತುಗಳನ್ನು ಕರಗಿಸಿ ಹೊರಹಾಕುವ ಒಂದು ಶಕ್ತಿ ನಮ್ಮ ಪಿತ್ತಜನಕಾಂಗಕ್ಕುಂಟು. ಬೆಕ್ಕಿನದಕ್ಕೆ ಅದು ತೀರ ಕಡಿಮೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿಗೆ ಪ್ರಾಣಾಂತಿಕವಾಗುವುದೂ ಈ ಕಾರಣದಿಂದಲೇ. ಬಣ್ಣವೇ ಇಲ್ಲದಿದ್ದರೂ ನಷ್ಟವಿಲ್ಲ. ಹೊಳಪು ಬೇಕೆನ್ನುವವರು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಹಳೆಯ ಕಾಲದ ಪಾಲಿಷನ್ನು ಹಚ್ಚಿ, ಎರಡು ಮೂರು ದಿನ ಗಾಳಿಗೆ ಒಣಗಿಸಲಿ. ಅರಗು ಮಾತ್ರೆಗಳ ಮೇಲೆ, ಮಿಠಾಯಿಗಳ ಮೇಲೆ ಕೂಡ ಲೇಪಿಸುವ ವಸ್ತು. ಚನ್ನಪಟ್ಟಣದ ಗೊಂಬೆಗಳ ಹೊಳಪೂ ಅದರದೇ. ಚುನಾವಣೆಯ ಶಾಯಿ ತಯಾರಿಸಿ ದೇಶಕ್ಕೆಲ್ಲ ಪರಿಚಯವಾದ ನಮ್ಮೂರಿನ ಕಾರ್ಖಾನೆ 1937ರಲ್ಲಿ ಹುಟ್ಟಿದ್ದು ಅರಗಿನ ಮತ್ತು ಬಣ್ಣದ ಕಾರ್ಖಾನೆಯಾಗಿ ಎಂಬುದು ಇಲ್ಲಿ ಸ್ಮರಣೀಯ.

ಮಾಡುವುದು ಒಂದು ಕೆಲಸ. ಬೆಕ್ಕು ಒಪ್ಪುವಂತೆ ಮಾಡುವುದು ಇನ್ನೊಂದು. ಹುಡುಗನ ಮನೆಯಲ್ಲಿ ಕಂಬ ಒಂಬತ್ತನೆಯ ದಿನಕ್ಕೆ ಸಿದ್ಧವಾಯಿತು. ನೋಟಕ್ಕೆ ಅಷ್ಟು ಚೆಂದವಿಲ್ಲವೆಂದು ಅದನ್ನು ಹಿಂದಿನ ಬಾಲ್ಕನಿಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ ಇಟ್ಟರು. ನಾಲ್ಕು ದಿನ ಬೆಕ್ಕು ಅದನ್ನು ಮೂಸಿಯೂ ನೋಡಲಿಲ್ಲ. ವಾಯಿದೆಯಲ್ಲಿ ಉಳಿದದ್ದು ಎರಡೇ ದಿನ. ಹುಡುಗನ ಮುಖ ನೋಡುವ ಹಾಗಿರಲಿಲ್ಲ. ಬೆಕ್ಕು ಪರಚುವುದು ನಾಲ್ಕು ಜನ ಓಡಾಡುವ ಕಡೆ, ತಾನು ಮಲಗಿ ಏಳುವ ಕಡೆ. ಪತ್ರವನ್ನು ಯಾರೂ ಓದದ ಮೂಲೆಯಲ್ಲಿ ಯಾರು ಬರೆಯುತ್ತಾರೆ? ಆದ್ದರಿಂದ ಕಂಬವನ್ನು ನಡುಮನೆಗೆ ತಂದು ಬೀಟೆಯ ಕುರ್ಚಿಗೆ ತಾಗಿಸಿ ನಿಲ್ಲಿಸಿದೆವು. ಬಯಲಲ್ಲಿ ತಾನಾಗಿ ಬೆಳೆಯುವ ಕುಪ್ಪಿಗಿಡದ ಬೇರನ್ನು ಜಜ್ಜಿ ಹಗ್ಗಕ್ಕೆ ಸವರಿದೆವು. ಆ ಬೇರಿನ ವಾಸನೆಗೆ ಬೆಕ್ಕುಗಳು ಮರುಳಾಗಿ ಹೊರಳಾಡುತ್ತವೆ. ತಮಿಳರು ಆ ಗಿಡಕ್ಕೆ ಬೆಕ್ಕು ವಂದಿಸುವ ಗಿಡವೆಂದೇ ಹೆಸರಿಟ್ಟಿದ್ದಾರೆ. ಬೆಕ್ಕಿನ ಕಾಲನ್ನು ಹಿಡಿದು ಕಂಬಕ್ಕೆ ಉಜ್ಜುವುದನ್ನು ಮಾತ್ರ ಮಾಡಬಾರದು. ಬಲವಂತದ ಪಾಠ ಅದಕ್ಕೂ ಹತ್ತುವುದಿಲ್ಲ.

ಮಾರನೆಯ ದಿನ ಬೆಳಿಗ್ಗೆ ಬೆಕ್ಕು ನಿದ್ದೆಯಿಂದೆದ್ದು, ಕಂಬದ ಸುತ್ತ ಒಂದು ಸುತ್ತು ಬಂದು, ಮೈ ಚಾಚಿ, ಉಗುರು ಊರಿತಂತೆ. ಹುಡುಗ ಅದನ್ನು ಹೇಳಲು ಪ್ರಾರ್ಥನೆಗೆ ಮೊದಲೇ ಶಾಲೆಗೆ ಓಡಿಬಂದಿದ್ದ. ಹದಿನೈದನೆಯ ದಿನ ತಂದೆ ಏನೂ ಹೇಳಲಿಲ್ಲ. ಹದಿನಾರನೆಯ ದಿನ ದಾರಿಯಲ್ಲಿ ಸಿಕ್ಕಾಗ, "ಇರ್ಲಿ ಬಿಡಿ ಸಾರ್, ಅದೂ ಒಂದು ಇದ್ಕೊಳ್ಳಲಿ" ಎಂದರು. ಈಗಲೂ ಒಂದೊಂದು ಸಲ ಅದು ಪರದೆಗೆ ನೇತುಬೀಳುವುದುಂಟು. ಕುರ್ಚಿಯ ತಂಟೆಗೆ ಹೋಗಿಲ್ಲ. ಒಂದು ತಿಂಗಳಾದ ಮೇಲೆ ಕಂಬವನ್ನು ದಿನಕ್ಕೆ ಗೇಣುದ್ದದಂತೆ ಸರಿಸಿ ಗೋಡೆಯ ಬದಿಗೆ ಒಯ್ದಿದ್ದಾರೆ. ಹಗ್ಗಕ್ಕೂ ತಿರುಪುಗಳಿಗೂ ಆದ ಖರ್ಚು, ಮನೆಮಂದಿಯೆಲ್ಲ ಒಂದು ಸಂಜೆ ಹೋಟೆಲಿಗೆ ಹೋಗಿ ಮಸಾಲೆದೋಸೆ ತಿಂದು ಬಂದಷ್ಟು. ಹಗ್ಗ ಸವೆದಾಗ ಬಿಚ್ಚಿ ಹೊಸದನ್ನು ಸುತ್ತಿದರಾಯಿತು. ತೊಲೆಯ ತುಂಡು ಇನ್ನೊಂದು ತಲೆಮಾರಿಗೂ ಬರುತ್ತದೆ.

ಇದೆಲ್ಲವನ್ನೂ ಅಂಗಡಿಯಿಂದಲೇ ತರಬಹುದಲ್ಲ ಎಂದು ನೀವು ಕೇಳಬಹುದು. ತರಬಹುದು, ಅನುಕೂಲವಿದ್ದವರು ತರಲಿ. ಆದರೆ ಕೈಯಿಂದ ಮಾಡುವ ಕೆಲಸಕ್ಕೆ ಬೇರೊಂದು ಲಾಭವುಂಟು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟಾಗ, ಕೈಕಸುಬಿನ ಮೂಲಕವೇ ಓದು ಲೆಕ್ಕಗಳನ್ನು ಕಲಿಸಬೇಕೆಂದರು. ಎಷ್ಟೋ ಶಾಲೆಗಳಲ್ಲಿ ಕಸುಬಿನ ತರಗತಿ ಹೆಸರಿಗೂ ಉಳಿದಿಲ್ಲ. ನೂರಕ್ಕೆ ತೊಂಬತ್ತು ಅಂಕ ತೆಗೆಯುವ ಹುಡುಗರು ಗರಗಸವನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ಅರಿಯರು. ಇನ್ನೊಂದು ಕಡೆ, ಮರದ ಮೈಯನ್ನು ಬೆರಳಿನಿಂದ ಓದಬಲ್ಲ ವೃದ್ಧ ಆಚಾರ್ರು ಕೆಲಸವಿಲ್ಲದೆ ಜಗಲಿಯಲ್ಲಿ ಕುಳಿತಿದ್ದಾರೆ. ಇವರಿಬ್ಬರನ್ನು ಒಂದು ಭಾನುವಾರ ಒಂದು ಹಲಗೆಯ ಎರಡು ಬದಿಗೆ ಕೂರಿಸಲು ಬೆಕ್ಕೊಂದು ನೆಪವಾದರೆ, ಅದು ಇಲಿ ಹಿಡಿಯುವುದಕ್ಕಿಂತ ದೊಡ್ಡ ಉಪಕಾರವೆಂದೇ ಹೇಳಬೇಕು.

ಸಂವಿಧಾನದ 51ಎ ವಿಧಿ, ಜೀವಿಗಳಲ್ಲಿ ದಯೆ ತೋರುವುದು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಒಂದೆಂದು ಹೇಳುತ್ತದೆ. 1976ರಲ್ಲಿ ಸೇರಿದ ವಿಧಿ ಅದು. ದಯೆ ಎಂದರೆ ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ಸವರುವುದಷ್ಟೇ ಅಲ್ಲ. ಅದಕ್ಕೆ ಬೇಕಾದದ್ದೇನೆಂದು ವಿಚಾರಿಸಿ, ಅಳತೆ ತೆಗೆದು, ಅದರ ಮೈಗೆ ಒಪ್ಪುವಂತೆ ಮಾಡಿಕೊಡುವುದು. ಮನೆಗೆ ಬಂದವರಿಗೆ ಮಣೆ ಹಾಕುವ ಪದ್ಧತಿ ನಮ್ಮದು. ನಾವು ಕರೆಯದೆಯೇ ಬಂದು, ಒಂಬತ್ತು ಸಾವಿರ ವರ್ಷಗಳಿಂದ ಇನ್ನೂ ಹೊರಡದೆ ಕುಳಿತಿರುವ ಈ ಅತಿಥಿಗೂ ಒಂದು ಹಾಕೋಣ. ಈ ಭಾನುವಾರ ತಾರಸಿಯ ಮೇಲೆ, ಮೆಟ್ಟಲ ಕೆಳಗೆ ಒಮ್ಮೆ ಹುಡುಕಿ ನೋಡಿ; ಮೂರಡಿಯ ಮರದ ತುಂಡೊಂದು ನಿಮ್ಮಲ್ಲೂ ಇದ್ದೀತು.